ಗೋಡೆಯ ಗಿಡಕ್ಕೆ ಏಪ್ರಿಲ್‌ನಲ್ಲಿ ನೀರು ಹಾಕುವವರು ಯಾರು?

ಸೇತುವೆ, ಬಸ್ ನಿಲ್ದಾಣ, ಕಚೇರಿ, ಕೊಳಚೆ ನೀರಿನ ಘಟಕಗಳಂಥ ಸಾರ್ವಜನಿಕ ನಿರ್ಮಾಣಗಳಲ್ಲಿ ಗಿಡಬಳ್ಳಿಗಳನ್ನೂ ಪಾಚಿಯನ್ನೂ ಕಟ್ಟಡದ ಅಂಗವಾಗಿಯೇ ಬೆಳೆಸುವ ಕುರಿತು ಪ್ರಶ್ನೆ ಕಳುಹಿಸಿ ಎಂದು ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಗಳೂರು, ಉಡುಪಿ ಕಡೆಯವು. ಒಂದೇ ವಿಚಾರವನ್ನು ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿ, ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ದೊಡ್ಡ ನಗರಗಳಲ್ಲಿ ಮೇಲ್ಸೇತುವೆಯ ಕಂಬಗಳಿಗೆ ಗಿಡದ ಚೀಲಗಳನ್ನು ತೂಗುಹಾಕುತ್ತಿದ್ದಾರೆ. ಮಳೆ ಇಷ್ಟೊಂದು ಬೀಳುವ ನಮ್ಮ ಊರಿಗೆ ಅದು ಇನ್ನೂ ಚೆನ್ನಾಗಿ ಹೊಂದಬೇಕಲ್ಲವೇ? ಆದರೆ ನಾನು ನೋಡಿದ ಒಂದು ಗೋಡೆಯಲ್ಲಿ ಎರಡನೇ ವರ್ಷಕ್ಕೆ ಗಿಡಗಳೆಲ್ಲ ಒಣಗಿ ಕಪ್ಪು ಚೀಲಗಳಷ್ಟೇ ಉಳಿದವು. ತಪ್ಪಿದ್ದು ಎಲ್ಲಿ?
— ಕಂಕನಾಡಿಯ ಓದುಗರು

ಉತ್ತರ: ತಪ್ಪು ಗಿಡದ್ದಲ್ಲ, ನೀರಿನ ಲೆಕ್ಕದ್ದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆ ಎಂಬುದು ನಿಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ, ಡಿಸೆಂಬರ್ ಕಳೆದ ಮೇಲೆ ಏಪ್ರಿಲ್‌ವರೆಗೆ ಒಂದು ಒಳ್ಳೆಯ ಮಳೆಯಾಗುವುದೇ ಅಪರೂಪ. ಆಗಸ್ಟ್‌ನಲ್ಲಿ ನೋಡಿದರೆ ಈ ಊರಿನ ಯಾವ ಗೋಡೆಯ ಮೇಲೆ ಯಾವ ಗಿಡವನ್ನಿಟ್ಟರೂ ಬದುಕುತ್ತದೆ ಎನ್ನಿಸುತ್ತದೆ. ಆದ್ದರಿಂದ ಇಂಥ ಯೋಜನೆಯ ನಕ್ಷೆ ನನ್ನ ಮೇಜಿಗೆ ಬಂದಾಗಲೆಲ್ಲ ನಾನು ಮೊದಲು ಕೇಳುವುದು ಇಷ್ಟೇ: ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ಇನ್ನೆಷ್ಟು ನೀರು ಉಳಿದಿದೆ ಎಂದು ಊರೆಲ್ಲ ವಿಚಾರಿಸುವ ಏಪ್ರಿಲ್ ಮೂರನೇ ವಾರದಲ್ಲಿ ಈ ಗಿಡಕ್ಕೆ ನೀರು ಎಲ್ಲಿಂದ ಬರುತ್ತದೆ, ಹಾಕುವವರು ಯಾರು?

ಗೋಡೆಗೆ ಬಟ್ಟೆ ಹೊದಿಸಿ ಗಿಡ ಬೆಳೆಸುವ ಪದ್ಧತಿಯನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್. ಉಷ್ಣವಲಯದ ಕಾಡುಗಳಲ್ಲಿ ಜಲಪಾತದ ಪಕ್ಕದ ಬಂಡೆಗಳಿಗೆ ಮಣ್ಣೇ ಇಲ್ಲದೆ ಅಂಟಿಕೊಂಡು ಬೆಳೆಯುವ ಗಿಡಗಳನ್ನು ಗಮನಿಸಿದ ಅವರು, ಕಟ್ಟಡದ ಗೋಡೆಯಿಂದ ಸ್ವಲ್ಪ ಮುಂದಕ್ಕೆ ಪಿವಿಸಿ ಹಲಗೆಯನ್ನು ನಿಲ್ಲಿಸಿ, ಅದರ ಮೇಲೆ ಎರಡು ಪದರ ಫೆಲ್ಟ್ ಬಟ್ಟೆಯನ್ನು ಹೊಡೆದು, ಬೇರುಗಳು ಆ ಬಟ್ಟೆಯೊಳಗೇ ಹಬ್ಬುವಂತೆ ಮಾಡಿದರು. ಅಲ್ಲಿ ಮಣ್ಣಿನ ಕೆಲಸವನ್ನು ನೀರೇ ಮಾಡಬೇಕು; ಪೋಷಕಾಂಶ ಬೆರೆಸಿದ ನೀರು ದಿನಕ್ಕೆ ಹಲವು ಸಲ ಮೇಲಿನಿಂದ ಜಿನುಗಬೇಕು. ಬಟ್ಟೆ ಮಾತ್ರ ಇದ್ದು ಆ ನೀರು ನಿಂತರೆ, ಪಶ್ಚಿಮದ ಬಿಸಿಲಿಗೆ ಕಾದ ಗೋಡೆಯ ಮುಂದೆ ಒಂದೆರಡು ಲೀಟರ್ ಹಿಡಿಯುವ ಚೀಲ ಎರಡು ದಿನವೂ ತಾಳುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ಕೆಲಸದಿಂದ. ಎಂಟು ವರ್ಷಗಳ ಹಿಂದೆ ಕಚೇರಿಯೊಂದರ ಗೋಡೆಗೆ ಇಂಥ ಹಸಿರು ಹೊದಿಕೆಯನ್ನು ವಿನ್ಯಾಸ ಮಾಡಿಕೊಟ್ಟಿದ್ದೆ. ಮಳೆಗಾಲವೂ ಚಳಿಗಾಲವೂ ಚೆನ್ನಾಗಿಯೇ ಕಳೆದವು. ಮಾರ್ಚ್‌ನಲ್ಲಿ ಮೇಲಿನ ಮೂರು ಸಾಲುಗಳು ಬಾಡತೊಡಗಿದಾಗ ಏಣಿ ಹತ್ತಿ, ನೀರು ಹನಿಸುವ ಒಂದು ಡ್ರಿಪ್ಪರನ್ನು ಬಿಚ್ಚಿ ನೋಡಿದೆ: ಗುಂಡುಸೂಜಿಯ ತಲೆಯಷ್ಟೂ ಇಲ್ಲದ ಅದರ ರಂಧ್ರದಲ್ಲಿ ತುಕ್ಕಿನ ಬಣ್ಣದ ಲೋಳೆ ಗಟ್ಟಿಯಾಗಿ ಕೂತಿತ್ತು, ಉಗುರಿನಿಂದ ಕೆರೆದರೆ ಬೆರಳಿಗೆ ಎಣ್ಣೆಯಂತೆ ಅಂಟುತ್ತಿತ್ತು. ಕೆಂಪುಕಲ್ಲಿನ ನೆಲದ ಕೊಳವೆಬಾವಿಯಲ್ಲಿ ಕಬ್ಬಿಣದಂಶ ಹೆಚ್ಚಿದ್ದರೆ, ಅದನ್ನೇ ಆಶ್ರಯಿಸಿ ಬದುಕುವ ಬ್ಯಾಕ್ಟೀರಿಯಾಗಳು ಕೊಳವೆಯೊಳಗೆ ಹೀಗೆ ಲೋಳೆ ಕಟ್ಟುತ್ತವೆ. ನೀರನ್ನು ಮೊದಲೇ ಪರೀಕ್ಷೆಗೆ ಕೊಡದೆ ಇದ್ದುದು ನನ್ನ ತಪ್ಪು. ಫಿಲ್ಟರ್ ತೊಳೆಯುವ ಗುತ್ತಿಗೆಯನ್ನು ಮುಂದುವರಿಸದೆ ಬಿಟ್ಟದ್ದು ಕಚೇರಿಯವರ ತಪ್ಪು. ಗಿಡಗಳು ಎರಡನ್ನೂ ತಾಳಲಿಲ್ಲ.

ಮೇಲ್ಸೇತುವೆಯ ಕಂಬದ ಕಷ್ಟ ಇನ್ನೂ ಹೆಚ್ಚು. ಮೇಲೆ ರಸ್ತೆಯ ಮುಚ್ಚಿಗೆ ಇರುವುದರಿಂದ ಜುಲೈಯ ಜಡಿಮಳೆಯಲ್ಲೂ ಕಂಬದ ನಡುಭಾಗ ಒಣಗಿಯೇ ಇರುತ್ತದೆ. ಅಂದರೆ ನಾವು ಹೆಮ್ಮೆಪಡುವ ಮಳೆಯ ಒಂದು ಹನಿಯೂ ಅಲ್ಲಿ ಉಪಯೋಗಕ್ಕೆ ಬಾರದು. ಮೆಕ್ಸಿಕೊ ನಗರದಲ್ಲಿ 2016ರಲ್ಲಿ ಎತ್ತರದ ವರ್ತುಲ ರಸ್ತೆಯ ಕಂಬಗಳಿಗೆ ಹಸಿರು ಹೊದಿಸಲು ತೊಡಗಿದಾಗ, ಅದೇ ಹಣದಲ್ಲಿ ನೆಲದ ಮೇಲೆ ಮರಗಳನ್ನು ನೆಡಬಹುದಿತ್ತಲ್ಲ ಎಂಬ ವಾದ ಅಲ್ಲಿಯೂ ಎದ್ದಿತ್ತು. ಇದರ ಜೊತೆಗೆ ಸೇತುವೆಯ ಸುರಕ್ಷತೆಯನ್ನು ಪರಿಶೀಲಿಸುವ ಇಂಜಿನಿಯರಿಗೆ ಕಾಂಕ್ರೀಟಿನ ಮೈ ಕಾಣಬೇಕು. ಬಿರುಕು, ತುಕ್ಕಿನ ಕಲೆ, ನೀರು ಜಿನುಗಿದ ಗುರುತು ಇವೆಲ್ಲ ಚೀಲಗಳ ಹಿಂದೆ ಅಡಗಿದರೆ ಗಿಡ ಬೆಳೆಸಿದ್ದೇ ಅಪಾಯವಾಗುತ್ತದೆ.

ಕಂಬಕ್ಕೆ ಹಸಿರು ಬೇಕೇ ಬೇಕು ಎಂದಾದರೆ ಗಿಡದ ಬೇರು ನೆಲದಲ್ಲೇ ಇರಲಿ. ಕಂಬದ ಅಡಿಪಾಯದ ಅಂಚಿನಿಂದ ಹೊರಗೆ ಎರಡಡಿ ಆಳದ ಗುಂಡಿ ತೆಗೆದು, ಕಂಬದ ಎರಡು ಮುಖಗಳಿಗೆ ಮಾತ್ರ ಅರ್ಧ ಅಡಿ ಅಂತರದಲ್ಲಿ ತುಕ್ಕು ಹಿಡಿಯದ ತಂತಿಯ ಚೌಕಟ್ಟನ್ನು ಕಟ್ಟಿ, ಬಳ್ಳಿಯನ್ನು ಹಬ್ಬಿಸಬಹುದು. ಉಳಿದ ಮುಖಗಳನ್ನೂ, ತೊಲೆ ಕೂರುವ ತುದಿಯನ್ನೂ ಖಾಲಿ ಬಿಡಬೇಕು. ಯಾವ ಬಳ್ಳಿ ಎಂದು ಕೇಳುವವರಿಗೆ ನಾನು ಒಳ್ಳೆಮೆಣಸಿನ (ಕರಿಮೆಣಸಿನ) ಬಳ್ಳಿಯನ್ನು ತೋರಿಸುತ್ತೇನೆ. ಅಡಿಕೆ ತೋಟದ ನೆರಳಲ್ಲಿ, ಗಂಟುಗಂಟಿನಲ್ಲಿ ಬೇರು ಬಿಟ್ಟುಕೊಂಡು ಮರ ಹತ್ತುವುದು ಅದರ ಸಹಜ ಗುಣ. ವಿಯೆಟ್ನಾಮಿನ ರೈತರು ಅದನ್ನು ಕಾಂಕ್ರೀಟ್ ಕಂಬಗಳಿಗೇ ಹಬ್ಬಿಸುತ್ತಾರೆ. ಬುಡದಲ್ಲಿ ನೀರು ನಿಂತರೆ ಮಾತ್ರ ಸೊರಗು ರೋಗ ತಪ್ಪಿದ್ದಲ್ಲ, ಹಾಗಾಗಿ ಗುಂಡಿಯಿಂದ ನೀರು ಹೊರಹೋಗುವ ದಾರಿಯನ್ನು ಮೊದಲು ಮಾಡಿಕೊಳ್ಳಬೇಕು.

ಇನ್ನೊಂದು ಮಾತು. ನಮ್ಮ ಹಿರಿಯರ ಮನೆಗಳಲ್ಲಿ ಬಸಳೆ ಚಪ್ಪರ ಎಲ್ಲಿರುತ್ತಿತ್ತು ಎಂದು ನೆನಪಿಸಿಕೊಳ್ಳಿ. ಅದು ಬಚ್ಚಲಿನ ನೀರು ಹರಿದುಬರುವ ಜಾಗದಲ್ಲಿ ಇರುತ್ತಿತ್ತು. ಮನೆಮಂದಿ ದಿನವೂ ಸ್ನಾನ ಮಾಡುವುದರಿಂದ ಬಸಳೆಗೆ ದಿನವೂ ನೀರು ಸಿಗುತ್ತಿತ್ತು. ಯಾರೂ ನೆನಪಿಟ್ಟು ಹಾಕಬೇಕಾಗಿರಲಿಲ್ಲ. ಸಾರ್ವಜನಿಕ ಹಸಿರು ಗೋಡೆಗೂ ಇದೇ ಸೂತ್ರ ಸಾಕು. ಬಸ್ ನಿಲ್ದಾಣದ ಕೈತೊಳೆಯುವ ತೊಟ್ಟಿಯನ್ನು ದಿನಕ್ಕೆ 2,000 ಮಂದಿ ಬಳಸಿ ತಲಾ ಒಂದು ಲೀಟರ್ ನೀರು ಚೆಲ್ಲುತ್ತಾರೆಂದು ಲೆಕ್ಕ ಹಿಡಿಯೋಣ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹಸಿರಿಗೆ ದಿನಕ್ಕೆ ಸುಮಾರು 5 ಲೀಟರ್ ಬೇಕು. ಆ 2,000 ಲೀಟರನ್ನು ಮರಳು, ಜಲ್ಲಿಯ ತೊಟ್ಟಿಯಲ್ಲಿ ಸೋಸಿ ಬಿಟ್ಟರೆ 400 ಚದರ ಮೀಟರ್ ಬಳ್ಳಿಯ ಗೋಡೆ ಏಪ್ರಿಲನ್ನು ದಾಟುತ್ತದೆ. ಹಸಿರು ಗೋಡೆ ಬೇಕಾದದ್ದು ಮೇಲ್ಸೇತುವೆಗಲ್ಲ, ದಿನವೂ ನೀರು ಬಳಸುವ ಇಂಥ ಕಡೆಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಗೋಡೆಯ ಗಾಜಿನೊಳಗೆ ಪಾಚಿ ಬೆಳೆಸುವ ಕಟ್ಟಡವಿದೆ ಎಂದು ತರಗತಿಯಲ್ಲಿ ಕೇಳಿದೆ. ಬಿಸಿಲು ಧಾರಾಳವಾಗಿರುವ ಕರಾವಳಿಯಲ್ಲಿ ಅದನ್ನು ಸರ್ಕಾರಿ ಕಟ್ಟಡಗಳಿಗೆ ಅಳವಡಿಸಬಹುದೇ? ನನ್ನ ಅಂತಿಮ ವರ್ಷದ ಯೋಜನೆಗೆ ಇದನ್ನೇ ಆರಿಸಿಕೊಳ್ಳಬೇಕೆಂದಿದ್ದೇನೆ.
— ವಾಸ್ತುಶಿಲ್ಪ ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ನೀವು ಕೇಳಿದ ಕಟ್ಟಡದ ಹೆಸರು ಬಿಐಕ್ಯೂ. 2013ರಲ್ಲಿ ಹ್ಯಾಂಬರ್ಗ್‌ನ ಅಂತಾರಾಷ್ಟ್ರೀಯ ಕಟ್ಟಡ ಪ್ರದರ್ಶನಕ್ಕಾಗಿ ಕಟ್ಟಿದ, 15 ಮನೆಗಳಿರುವ ವಸತಿ ಕಟ್ಟಡ ಅದು. ಬಿಸಿಲು ಬೀಳುವ ಎರಡು ಮುಖಗಳಲ್ಲಿ 129 ಗಾಜಿನ ಫಲಕಗಳಿವೆ. ಒಟ್ಟು ವಿಸ್ತೀರ್ಣ ಸುಮಾರು 200 ಚದರ ಮೀಟರ್. ಫಲಕದ ಎರಡು ಗಾಜುಗಳ ನಡುವಿನ ತೆಳ್ಳಗಿನ ನೀರಿನಲ್ಲಿ ಸೂಕ್ಷ್ಮ ಪಾಚಿ ಬೆಳೆಯುತ್ತದೆ. ಕೆಳಗಿನಿಂದ ಗಾಳಿಯ ಗುಳ್ಳೆಗಳನ್ನು ಬಿಡುವುದರಿಂದ ಪಾಚಿ ಗಾಜಿಗೆ ಅಂಟದೆ ತೇಲಾಡುತ್ತಿರುತ್ತದೆ, ಇಂಗಾಲದ ಡೈಆಕ್ಸೈಡನ್ನೂ ನೀರಿಗೆ ಬೆರೆಸಲಾಗುತ್ತದೆ. ಬಿಸಿಲು ಹೆಚ್ಚಿದಂತೆ ಪಾಚಿ ದಟ್ಟವಾಗಿ ಮನೆಗೆ ನೆರಳಾಗುತ್ತದೆ. ಬೆಳೆದ ಪಾಚಿಯನ್ನು ಆಗಾಗ ಸೋಸಿ ಇಂಧನಕ್ಕೆ ಬಳಸುತ್ತಾರೆ, ಬಿಸಿಯಾದ ನೀರಿನ ಶಾಖವನ್ನು ಮನೆಯ ಉಪಯೋಗಕ್ಕೆ ತೆಗೆದುಕೊಳ್ಳುತ್ತಾರೆ. ಗೋಡೆಯನ್ನೇ ಹೊಲವಾಗಿ ನೋಡಿದ ಆ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಲೆಕ್ಕವನ್ನೂ ಮಾಡೋಣ. ಅದರ ವಿನ್ಯಾಸಕಾರರು ನಿರೀಕ್ಷಿಸಿದ ಇಳುವರಿ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 15 ಗ್ರಾಂ ಒಣ ಪಾಚಿ. 200 ಚದರ ಮೀಟರಿಗೆ, ವರ್ಷಕ್ಕೆ 300 ದಿನದಂತೆ, ಅದು 900 ಕಿಲೋ ಆಗುತ್ತದೆ. ಒಂದು ಕಿಲೋ ಒಣ ಪಾಚಿ ಬೆಳೆಯಲು ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು; ಎಂದರೆ ಇಡೀ ಗೋಡೆ ವರ್ಷಕ್ಕೆ ಹೀರುವುದು ಒಂದೂವರೆ ಟನ್ನಿಗಿಂತ ತುಸು ಹೆಚ್ಚು. ಭಾರತದಲ್ಲಿ ಒಬ್ಬ ವ್ಯಕ್ತಿಯ ಪಾಲಿಗೆ ಬರುವ ಸರಾಸರಿಯೇ ವರ್ಷಕ್ಕೆ ಸುಮಾರು 2 ಟನ್. ಇಷ್ಟೆಲ್ಲ ಗಾಜು, ಪಂಪು, ಕೊಳವೆಗಳಿದ್ದರೂ ಒಬ್ಬನ ಲೆಕ್ಕವೂ ಪೂರ್ತಿ ಚುಕ್ತಾ ಆಗುವುದಿಲ್ಲ, ಅದರಲ್ಲೂ ಪಂಪು ನುಂಗುವ ವಿದ್ಯುತ್ತನ್ನು ಕಳೆಯಬೇಕು.

ನಮ್ಮ ಹವೆಯ ಪ್ರಶ್ನೆ ಬೇರೆಯೇ ಇದೆ. ಹ್ಯಾಂಬರ್ಗ್‌ನ ಚಳಿಗೆ ಫಲಕದ ಶಾಖ ಒಂದು ಫಸಲು. ನಮಗೆ ಅದು ಹೊರೆ. ಕ್ಲೋರೆಲ್ಲಾದಂಥ ಪಾಚಿಯ ಹೆಚ್ಚಿನ ತಳಿಗಳಿಗೆ 25ರಿಂದ 30 ಡಿಗ್ರಿ ಹಿತ. ಸ್ಪಿರುಲಿನಾ 35 ಡಿಗ್ರಿಯಲ್ಲೂ ಹುಲುಸಾಗಿ ಬೆಳೆಯುತ್ತದೆ, ಆದರೆ ಏಪ್ರಿಲ್ ಮಧ್ಯಾಹ್ನ ಗಾಜಿನೊಳಗಿನ ತೆಳ್ಳಗಿನ ನೀರು ಅದನ್ನೂ ದಾಟಿ ಕಾಯುತ್ತದೆ. ಅದನ್ನು ತಣಿಸಲು ಮತ್ತೆ ವಿದ್ಯುತ್ ಖರ್ಚು ಮಾಡಬೇಕು. ಜೂನ್ ಬಂದರೆ ಇದಕ್ಕೆ ತದ್ವಿರುದ್ಧ: ಮೂರು ತಿಂಗಳು ಮೋಡ ಕವಿದು, ಪಾಚಿಗೆ ಬೇಕಾದ ಬೆಳಕೇ ಸಾಲದು.

ಇದೇ ದಾರಿಯ ಬೇರೆ ಪ್ರಯೋಗಗಳನ್ನೂ ನೀವು ಓದಿರಬಹುದು. 2014ರಲ್ಲಿ ಜಿನೀವಾದಲ್ಲಿ ಹೆದ್ದಾರಿಯ ಮೇಲಿನ ಸೇತುವೆಯೊಂದಕ್ಕೆ ಪಾರದರ್ಶಕ ಕೊಳವೆಗಳನ್ನು ಜೋಡಿಸಿ, ಪಾಚಿ ಬೆಳೆಸಿ ತೋರಿಸಿದರು. 2021ರಲ್ಲಿ ಸರ್ಬಿಯಾದ ಬೆಲ್‌ಗ್ರೇಡ್‌ನಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವಿಜ್ಞಾನಿಗಳು 600 ಲೀಟರಿನ ಪಾಚಿ ತೊಟ್ಟಿಯನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿದರು. ಅದಕ್ಕೆ ಬೆಂಚೂ ಇದೆ, ಮೊಬೈಲ್ ಚಾರ್ಜ್ ಮಾಡುವ ವ್ಯವಸ್ಥೆಯೂ ಇದೆ. ಅದು ಹತ್ತು ವರ್ಷದ ಎರಡು ಮರಗಳಿಗೆ ಸಮ ಎಂದು ಅವರು ಹೇಳುತ್ತಾರೆ. ಮರ ನೆಡಲು ಜಾಗವೇ ಇಲ್ಲದ, ಚಳಿಗಾಲದಲ್ಲಿ ಹೊಗೆ ಕವಿಯುವ ನಗರಕ್ಕೆ ಅದು ಸರಿ. ಗುಂಡಿ ತೋಡಿ ಹಲಸಿನ ಬೀಜ ಹಾಕಿದರೆ ಹತ್ತು ವರ್ಷದಲ್ಲಿ ನೆರಳೂ ಹಣ್ಣೂ ಸಿಗುವ ಮಂಗಳೂರಿನ ರಸ್ತೆ ಬದಿಗೆ ನಾನು ಅದನ್ನು ಶಿಫಾರಸು ಮಾಡಲಾರೆ.

ಹಾಗೆಂದು ಪಾಚಿಯನ್ನು ಬಿಡಬೇಡಿ. ಪಾಚಿಯ ನಿಜವಾದ ಜಾಗ ಗೋಡೆಯಲ್ಲ, ಕೊಳಚೆ ನೀರು. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಆಸ್ವಾಲ್ಡ್ ಅವರು ಆಳವಿಲ್ಲದ, ನೀರು ನಿಧಾನವಾಗಿ ಸುತ್ತುತ್ತಿರುವ ಪಾಚಿ ಕೊಳವನ್ನು ರೂಪಿಸಿದರು. ಅಲ್ಲಿ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಪಾಚಿ ಆಮ್ಲಜನಕ ಕೊಡುತ್ತದೆ, ಬ್ಯಾಕ್ಟೀರಿಯಾಗಳು ಬಿಡುಗಡೆ ಮಾಡಿದ ಇಂಗಾಲದ ಡೈಆಕ್ಸೈಡ್, ಸಾರಜನಕ, ರಂಜಕಗಳನ್ನು ಪಾಚಿ ತಿನ್ನುತ್ತದೆ. ಸಾಮಾನ್ಯ ಶುದ್ಧೀಕರಣ ಘಟಕದಲ್ಲಿ ವಿದ್ಯುತ್ತಿನ ಅತಿ ದೊಡ್ಡ ಪಾಲು ನೀರಿಗೆ ಗಾಳಿ ಊದುವುದಕ್ಕೇ ಹೋಗುತ್ತದೆ. ಇಲ್ಲಿ ಆ ಕೆಲಸವನ್ನು ಬಿಸಿಲೂ ಪಾಚಿಯೂ ಸೇರಿ ಮಾಡುತ್ತವೆ. ನಮ್ಮ ದೇಶದಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆಯಿದೆ. ಕೋಲ್ಕತ್ತದ ಪೂರ್ವದ ಜೌಗು ಪ್ರದೇಶದಲ್ಲಿ, ಸುಮಾರು 12,500 ಹೆಕ್ಟೇರ್ ಹರಹಿನಲ್ಲಿ, ನಗರದ ಕೊಳಚೆ ನೀರನ್ನು ಆಳವಿಲ್ಲದ ಕೊಳಗಳಿಗೆ ಹಾಯಿಸಿ ಮೀನು ಸಾಕುತ್ತಾರೆ; ನೀರನ್ನು ಬಿಸಿಲಿನಲ್ಲಿ ಪಾಚಿ ಸ್ವಚ್ಛಗೊಳಿಸುತ್ತದೆ, ಪಾಚಿಯನ್ನು ಮೀನು ತಿನ್ನುತ್ತದೆ. ಮೀನುಗಾರರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಈ ವ್ಯವಸ್ಥೆಯ ಬೆಲೆಯನ್ನು ಜಗತ್ತಿಗೆ ತಿಳಿಸಿದವರು ಧ್ರುಬಜ್ಯೋತಿ ಘೋಷ್ ಎಂಬ ಇಂಜಿನಿಯರ್. 2002ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು.

ನಿಮ್ಮ ಯೋಜನೆಗೆ ನನ್ನ ಸಲಹೆ ಹೀಗಿದೆ. ಒಂದು ವಿದ್ಯಾರ್ಥಿನಿಲಯದ ಕೊಳಚೆ ನೀರನ್ನು ತೆಗೆದುಕೊಳ್ಳಿ. ಒಂದೂವರೆ ಅಡಿಗಿಂತ ಆಳವಿಲ್ಲದ, ನಿಧಾನವಾಗಿ ತಿರುಗುವ ರೆಕ್ಕೆಚಕ್ರವಿರುವ ಪಾಚಿ ಕಾಲುವೆಯನ್ನು ಅಂಗಳದ ವಿನ್ಯಾಸದಲ್ಲೇ ಸೇರಿಸಿ, ಅದರ ಮುಂದೆ ಕಾಬಾಳೆ (ಕ್ಯಾನಾ) ಮತ್ತು ಆಪು ಹುಲ್ಲಿನ ಹಾಸನ್ನು ಇಡಿ. ಮಳೆಗಾಲಕ್ಕೆ ಪ್ರತ್ಯೇಕ ಲೆಕ್ಕ ಮಾಡಿ. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 1,000 ಚದರ ಮೀಟರಿನ ಕಾಲುವೆಗೆ 1 ಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ಬಂದು ಪಾಚಿಯೆಲ್ಲ ತೊಳೆದುಹೋಗುತ್ತದೆ, ಹಾಗಾಗಿ ಮೇಲೊಂದು ಪಾರದರ್ಶಕ ಮಾಡು (ಚಾವಣಿ) ಬೇಕಾದೀತು. ನೀರು ಎಲ್ಲಿಯೂ ನಿಲ್ಲಬಾರದು. ಮಲೇರಿಯಾದಿಂದ ಬಹಳ ವರ್ಷ ನರಳಿದ ಊರು ನಮ್ಮದು. ಒಂದು ವಾರ ಕದಲದೆ ನಿಂತ ನೀರು ಎಷ್ಟೇ ಹಸಿರಾಗಿ ಕಂಡರೂ ಸೊಳ್ಳೆಯ ತೊಟ್ಟಿಲೇ. ಪಾಚಿ ಸಾಕುವ ವಿದ್ಯೆ ಕಲಿಯಲು ದೂರ ಹೋಗಬೇಕಾಗಿಲ್ಲ, 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲೇ ಇದೆ. ಮೀನುಮರಿಗಳ ಆಹಾರಕ್ಕಾಗಿ ಸೂಕ್ಷ್ಮ ಪಾಚಿಯನ್ನು ಬೆಳೆಸುವುದು ಆ ಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು.

ಪ್ರಶ್ನೆ: ನಮ್ಮ ಕಡೆ ಸರ್ಕಾರಿ ಕಟ್ಟಡಗಳಿಗೆ ಬಣ್ಣ ಬಳಿದ ಮರುವರ್ಷವೇ ಗೋಡೆ ಕಪ್ಪಾಗುತ್ತದೆ. ಒಂದು ಕಡೆ ಪಾಚಿಯನ್ನು ಕಟ್ಟಡದಲ್ಲಿ ಬೆಳೆಸಬೇಕು ಎನ್ನುತ್ತೀರಿ, ಇನ್ನೊಂದು ಕಡೆ ನಾವು ಅದನ್ನೇ ಉಜ್ಜಿ ತೆಗೆಯುತ್ತಿದ್ದೇವೆ. ಇದು ಗೋಡೆಗೆ ಹಾನಿಯೇ?
— ನಿವೃತ್ತ ನೌಕರರು, ಉಡುಪಿ

ಉತ್ತರ: ಆ ಕಪ್ಪು ಬಣ್ಣವನ್ನು ಭೂತಗನ್ನಡಿಯಲ್ಲಿ ನೋಡಿ. ಬೇಸಿಗೆಯಲ್ಲಿ ಅದು ಒಣಗಿದ ಕಾಡಿಗೆಯಂತೆ ಸಿಪ್ಪೆಸಿಪ್ಪೆಯಾಗಿ ಕಾಣುತ್ತದೆ. ಅದರ ಮೇಲೆ ನಾಲ್ಕು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಕಾದರೆ ಸಿಪ್ಪೆ ಉಬ್ಬಿ, ಲೋಳೆಯಾಗಿ, ಅಂಚಿನಲ್ಲಿ ಹಸಿರು ಛಾಯೆ ಕಾಣಿಸುತ್ತದೆ. ಅವು ನೀಲಿ-ಹಸಿರು ಪಾಚಿ ಎಂದು ಶಾಲೆಯಲ್ಲಿ ಓದಿದ ಸಯನೋಬ್ಯಾಕ್ಟೀರಿಯಾಗಳು. ಬಿಸಿಲಿನಿಂದ ತಮ್ಮನ್ನು ಕಾಪಾಡಿಕೊಳ್ಳಲು ಹೊದ್ದುಕೊಂಡ ಕಂದು ವರ್ಣದ್ರವ್ಯವೇ ಗೋಡೆಯ ಕಪ್ಪು. ತೆಂಗಿನ ಮರದ ಕಾಂಡದ ಮೇಲೆ, ಆವರಣದ ಗೋಡೆಯ ಮೇಲೆ ಕಾಣುವ ಕಿತ್ತಳೆ ಕೆಂಪು ಲೇಪವೂ ಪಾಚಿಯೇ. ಅದರ ಹೆಸರು ಟ್ರೆಂಟೆಪೋಲಿಯಾ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿದ್ದಾಗ ನೀರಿಗೆ ಬಣ್ಣ ಕೊಟ್ಟದ್ದು ಇದರ ಬೀಜಕಣಗಳೇ ಎಂದು ವಿಜ್ಞಾನಿಗಳು ಗುರುತಿಸಿದ್ದರು.

ಹೊಸ ಕಾಂಕ್ರೀಟು ಸುಣ್ಣದಷ್ಟೇ ಖಾರ, ಅಂದರೆ ಕ್ಷಾರ; ಆ ಕ್ಷಾರವನ್ನು ಅಳೆಯುವ ಪಿಎಚ್ 12ರಿಂದ 13ರವರೆಗಿರುತ್ತದೆ. ಆಗ ಅದರ ಮೇಲೆ ಏನೂ ಬೆಳೆಯದು. ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಮೇಲ್ಮೈಯ ಪಿಎಚ್ 9ರ ಆಸುಪಾಸಿಗೆ ಇಳಿದಂತೆ ಪಾಚಿ ಬಂದು ಕೂರುತ್ತದೆ. ಇದನ್ನೇ ಉಪಯೋಗಕ್ಕೆ ತಂದು, ಬಾರ್ಸಿಲೋನಾದ ಕತಲೋನಿಯಾ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಸಂಶೋಧಕರು ಖಾರ ಕಡಿಮೆಯಿರುವ ಸಿಮೆಂಟಿನಿಂದ, ಹೊರಪದರ ನೀರು ಹಿಡಿದಿಡುವಂತೆ, ಒಳಪದರ ನೀರನ್ನು ತಡೆಯುವಂತೆ ಫಲಕಗಳನ್ನು ರೂಪಿಸಿ, ಅವುಗಳ ಮೇಲೆ ಹಾವಸೆ (ಮಾಸ್) ತಾನಾಗಿ ಬೆಳೆಯುವಂತೆ ಮಾಡಲು ಹೊರಟರು. ಅವರು ಪ್ರಯೋಗಾಲಯದಲ್ಲಿ ಹುಡುಕಿದ ಗುಣ ನಮ್ಮ ಕೆಂಪುಕಲ್ಲಿಗೆ ಹುಟ್ಟಿನಿಂದಲೇ ಇದೆ. ಅದರ ಮೈತುಂಬ ರಂಧ್ರಗಳು, ಸುಣ್ಣದ ಖಾರವಿಲ್ಲ, ಮಳೆಗಾಲವಿಡೀ ನೀರು ಹಿಡಿದುಕೊಳ್ಳುತ್ತದೆ. ಗಿಲಾವು ಮಾಡದ ಹಳೆಯ ಕೆಂಪುಕಲ್ಲಿನ ಆವರಣ ಗೋಡೆಯನ್ನು ಜುಲೈಯಲ್ಲಿ ನೋಡಿದರೆ ಅಂಗೈಯಗಲದಲ್ಲಿ ಹಾವಸೆ, ಅದರ ಮೇಲೆ ಬೆರಳುದ್ದದ ಜರಿಗಿಡ, ಅದರ ಬುಡದಲ್ಲಿ ಒಂದು ಬಸವನಹುಳ, ಎಲ್ಲವೂ ಸಿಗುತ್ತವೆ.

ಬರಿಯ ಪಾಚಿ ಗೋಡೆಯನ್ನು ಬೀಳಿಸುವುದಿಲ್ಲ. ಅದು ಬಣ್ಣವನ್ನು ಕೆಡಿಸುತ್ತದೆ, ತೇವವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಗೋಡೆಗೆ ನಿಜವಾದ ಶತ್ರು ಹಕ್ಕಿಯ ಹಿಕ್ಕೆಯಲ್ಲಿ ಬಂದು ಬಿರುಕಿನಲ್ಲಿ ಮೊಳೆಯುವ ಗೋಳಿ ಮತ್ತು ಅಶ್ವತ್ಥ. ಅವುಗಳನ್ನು ಎರಡೆಲೆ ಇರುವಾಗಲೇ ಬೇರುಸಹಿತ ಕೀಳಬೇಕು, ಕತ್ತರಿಸಿ ಬಿಟ್ಟರೆ ಬೇರು ಒಳಗೆ ದಪ್ಪವಾಗುತ್ತದೆ. ಆದ್ದರಿಂದ ಮುಖ್ಯ ಕಟ್ಟಡಕ್ಕೆ ಎರಡೂವರೆ ಅಡಿ ಮುಂಚಾಚಿದ ಮಾಡು, ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಒಂದು ಗೀರು ಇರಲಿ, ಗೋಡೆ ಬೆಳ್ಳಗೇ ಉಳಿಯುತ್ತದೆ. ಆವರಣದ ಗೋಡೆ ಮತ್ತು ತಡೆಗೋಡೆಗಳಿಗೆ ಗಿಲಾವು, ಬಣ್ಣ ಎರಡೂ ಬೇಡ. ಕೆಂಪುಕಲ್ಲನ್ನು ಹಾಗೆಯೇ ಬಿಟ್ಟು, ಬಣ್ಣದ ಹಣವನ್ನು ಬೇರೆ ಕೆಲಸಕ್ಕೆ ಉಳಿಸಬಹುದು.

ಪ್ರಶ್ನೆ: ರಸ್ತೆ ಅಗಲ ಮಾಡುವಾಗ ಕಡಿದ ಗುಡ್ಡ ಪ್ರತಿ ಮಳೆಗಾಲ ಜಾರುತ್ತಿದೆ. ಕಾಂಕ್ರೀಟ್ ಗೋಡೆಗೆ ಹಣವಿಲ್ಲ. ಲಾವಂಚ ನೆಟ್ಟರೆ ನಿಲ್ಲುತ್ತದೆಯೇ?
— ಗ್ರಾಮ ಪಂಚಾಯತ್ ಸದಸ್ಯರು, ಕುಂದಾಪುರ ತಾಲೂಕು

ಉತ್ತರ: ಕಡಿದ ಗುಡ್ಡದ ಮುಖವನ್ನು ಮೊದಲು ಓದಬೇಕು. ಮೇಲೆ ಗಟ್ಟಿ ಕೆಂಪುಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಪಟ್ಟೆಗಳ ಮೆತ್ತನೆಯ ಶೇಡಿ ಮಣ್ಣು ಕಾಣುತ್ತಿದೆಯೇ? ಶೇಡಿ ಒಣಗಿದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ನಂಬಿಯೇ ಬೇಸಿಗೆಯಲ್ಲಿ ಜೆಸಿಬಿಯವರು ಲಂಬವಾಗಿ ಕಡಿದು ಹೋಗುತ್ತಾರೆ. ಮಳೆಗಾಲದಲ್ಲಿ ಕೆಂಪುಕಲ್ಲಿನ ರಂಧ್ರಗಳಿಂದ ಇಳಿದ ನೀರು ಶೇಡಿಗೆ ತಲುಪಿದಾಗ ಅದು ಕಲಸಿದ ಹಿಟ್ಟಿನಂತಾಗುತ್ತದೆ, ಮೇಲಿನ ಕಲ್ಲು ತೋಟ, ಮನೆ, ಮರಗಳ ಸಮೇತ ಕೆಳಗಿಳಿಯುತ್ತದೆ. ಲಾವಂಚದ ಬೇರು ಒಳ್ಳೆಯ ಮಣ್ಣಿನಲ್ಲಿ ಎರಡು ಮೂರು ಮೀಟರ್ ಇಳಿದೀತು. ಜಾರುವ ಪದರ ಅದಕ್ಕಿಂತ ಆಳದಲ್ಲಿದ್ದರೆ ಲಾವಂಚವೂ ಗುಡ್ಡದ ಜೊತೆಗೇ ಜಾರುತ್ತದೆ. ಗಿಡಗಳ ಮೇಲೆ ನನಗೆಷ್ಟೇ ಪ್ರೀತಿಯಿದ್ದರೂ ಈ ಮಾತನ್ನು ಮುಚ್ಚಿಟ್ಟು ಸಲಹೆ ಕೊಡಲಾರೆ, ಕೆಳಗೆ ಮನೆಗಳಿದ್ದರಂತೂ ಭೂವಿಜ್ಞಾನಿಯೊಬ್ಬರು ಬಂದು ನೋಡಲೇಬೇಕು.

ಮೊದಲ ಕೆಲಸ ನೀರನ್ನು ತಿರುಗಿಸುವುದು. ಗುಡ್ಡದ ತಲೆಯಲ್ಲಿ, ಅಂಚಿನಿಂದ ಹಿಂದಕ್ಕೆ, ನಮ್ಮ ಹಿರಿಯರು ಜಾಗದ ಗಡಿಯಲ್ಲಿ ತೋಡುತ್ತಿದ್ದಂಥ ಅಗಳನ್ನು (ಕಂದಕವನ್ನು) ತೋಡಿ. ಆದರೆ ಅದರಲ್ಲಿ ನೀರು ಇಂಗದೆ ಬದಿಯ ತೋಡಿಗೆ ಹರಿದುಹೋಗುವಂತೆ ತಳಕ್ಕೆ ಕಲ್ಲು ಹಾಸಬೇಕು. ಆಮೇಲೆ ಲಂಬವಾದ ಮುಖವನ್ನು ಮೆಟ್ಟಿಲುಗಳಾಗಿ ಇಳಿಸಬೇಕು. ಲಾವಂಚದ ಸರದಿ ಇವೆರಡು ಮುಗಿದ ನಂತರ: ಮೊದಲ ಮಳೆ ಬಿದ್ದ ವಾರದಲ್ಲೇ, ಅಡ್ಡಸಾಲುಗಳಲ್ಲಿ ಗಿಡದಿಂದ ಗಿಡಕ್ಕೆ ಅರ್ಧ ಅಡಿಗಿಂತ ಹೆಚ್ಚು ಅಂತರವಿಲ್ಲದಂತೆ, ಸಾಲಿನಿಂದ ಸಾಲಿಗೆ ಒಂದು ಮೀಟರ್ ಇಳಿಜಾರು ಬಿಟ್ಟು ನೆಡಿ. ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಅದು ಬಹಳ ಚೆನ್ನಾಗಿ ತಡೆಯುತ್ತದೆ. ಕಡಿದ ಅಂಚಿನಲ್ಲಿ ಅಕೇಶಿಯಾದಂಥ ಎತ್ತರದ ಮರ ಬೇಡ. ಜುಲೈ ಗಾಳಿಗೆ ಅದು ತೂಗಾಡಿದಷ್ಟೂ ಬುಡದ ಮಣ್ಣು ಬಿರಿಯುತ್ತದೆ.

ನಿಮ್ಮ ಪತ್ರದ ಕೊನೆಯಲ್ಲಿ ಮೇಘಾಲಯದ ಬೇರಿನ ಸೇತುವೆಗಳ ಬಗ್ಗೆ ಕೇಳಿದ್ದೀರಿ. ಖಾಸಿ ಮತ್ತು ಜೈಂತಿಯಾ ಜನರು ರಬ್ಬರ್ ಆಲದ ಬಿಳಲುಗಳನ್ನು ಹಳ್ಳದ ಆಚೆಗೆ ಎಳೆದು, ಹದಿನೈದರಿಂದ ಮೂವತ್ತು ವರ್ಷ ತಾಳ್ಮೆಯಿಂದ ಹೆಣೆದು ಕಟ್ಟುವ ಸೇತುವೆಗಳು ಅವು. ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ 2022ರಲ್ಲಿ ಸೇರಿವೆ. ನಿಮ್ಮ ತುರ್ತಿಗೆ ಅವು ಒದಗುವುದಿಲ್ಲ.

ಪ್ರಶ್ನೆ: ಬಸ್ ತಂಗುದಾಣದ ಮಾಡಿನ ಮೇಲೆ ಹುಲ್ಲು ಬೆಳೆಸುವ ಆಸೆ ನಮ್ಮ ಯುವಕ ಮಂಡಲಕ್ಕಿದೆ. ಸೋರುವುದಿಲ್ಲವೇ? ಯಾವ ಗಿಡ ತರಬೇಕು?
— ಕಟಪಾಡಿಯ ಯುವಕರು

ಉತ್ತರ: ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರ 2019ರಲ್ಲಿ ತನ್ನ 316 ಬಸ್ ತಂಗುದಾಣಗಳ ಮಾಡಿಗೆ ಹೀಗೆ ಹಸಿರು ಹೊದಿಸಿತು. ಅಲ್ಲಿ ಬೆಳೆಸಿದ್ದು ಸೀಡಮ್ ಎಂಬ ದಪ್ಪ ಎಲೆಯ ಗಿಡ. ನಮ್ಮ ಜುಲೈ ಮಳೆಗೆ ಅದು ಕೊಳೆತುಹೋದೀತು, ಅದನ್ನು ತರಿಸಬೇಡಿ.

ತಗಡಿನ ಮಾಡಿಗೆ ಈ ಕೆಲಸ ಆಗದು. ಎಂಟು ಸೆಂಟಿಮೀಟರ್ ದಪ್ಪದ ಮಣ್ಣು ನೀರು ಕುಡಿದಾಗ ಒಂದು ಚದರ ಮೀಟರಿಗೆ ಸುಮಾರು 150 ಕಿಲೋ ತೂಗುತ್ತದೆ. ಕಾಂಕ್ರೀಟ್ ಮಾಡಾಗಿದ್ದರೂ ಇಂಜಿನಿಯರಿಂದ ಲೆಕ್ಕ ಹಾಕಿಸಿ. ಮಾಡು ಒಂದು ಕಡೆಗೆ ವಾಲಿರಬೇಕು, ಮೇಲೆ ನೀರು ತಡೆಯುವ ಪದರ, ಅದರ ಮೇಲೆ ಬೇರು ಇಳಿಯದಂತೆ ದಪ್ಪ ಪ್ಲಾಸ್ಟಿಕ್ ಹಾಳೆ ಬೇಕು. ಹಾಳೆಯ ಮೇಲೆ ಎರಡಂಗುಲ ಒಡೆದ ಹಂಚಿನ ಚೂರು ಹರಡಿ. ಬಾಸೆಲ್ ಮಿಶನ್ 1865ರಲ್ಲಿ ಆರಂಭಿಸಿದ ಹಂಚಿನ ಉದ್ಯಮದಿಂದಾಗಿ ಹಳೆ ಮನೆ ಕೆಡವಿದಲ್ಲೆಲ್ಲ ನಮ್ಮಲ್ಲಿ ಹಂಚಿನ ರಾಶಿ ಸಿಗುತ್ತದೆ. ಜರ್ಮನಿಯಲ್ಲಿ ಹಸಿರು ತಾರಸಿಗಳಿಗೆ ಇಟ್ಟಿಗೆ, ಹಂಚಿನ ಪುಡಿಯನ್ನೇ ಬಳಸುತ್ತಾರೆ. ಅದು ಹಗುರ, ನೀರು ಹಿಡಿಯುತ್ತದೆ, ಹೆಚ್ಚಾದುದನ್ನು ಬಿಡುತ್ತದೆ.

ಗಿಡವನ್ನು ಎಲ್ಲಿಂದಲೂ ಕೊಂಡು ತರಬೇಡಿ. ನಿಮ್ಮ ಸುತ್ತಮುತ್ತಲ ಪದವುಗಳನ್ನು (ಕೆಂಪುಕಲ್ಲಿನ ಬಯಲುಗಳನ್ನು) ಮಳೆಗಾಲದಲ್ಲಿ ನೋಡಿದ್ದೀರಲ್ಲವೇ? ಕೆಂಪುಕಲ್ಲಿನ ಮೇಲೆ ಎರಡಂಗುಲ ಮಣ್ಣೂ ಇಲ್ಲದ ಜಾಗದಲ್ಲಿ ಜೂನ್‌ನಲ್ಲಿ ಹುಲ್ಲು ಚಿಗುರುತ್ತದೆ, ಆಗಸ್ಟ್ ಸೆಪ್ಟೆಂಬರಿನಲ್ಲಿ ಗೇಣುದ್ದವೂ ಇಲ್ಲದ ಗಿಡಗಳು ನೀಲಿ, ಬಿಳಿ ಹೂ ಬಿಡುತ್ತವೆ. ಅವುಗಳಲ್ಲಿ ಕೆಲವು ಬೇರಿನ ಬಳಿಯ ಪುಟ್ಟ ಚೀಲಗಳಲ್ಲಿ ಕೀಟ ಹಿಡಿದು ತಿನ್ನುವಂಥವು. ಡಿಸೆಂಬರಿಗೆ ಎಲ್ಲ ಒಣಗಿ ಬೀಜ ಉದುರುತ್ತದೆ. ಆ ಬೀಜ ಏಪ್ರಿಲ್ ಬಿಸಿಲನ್ನು ಒಂದು ಹನಿ ನೀರಿಲ್ಲದೆ ಕಳೆದು ಮತ್ತೆ ಜೂನ್‌ಗೆ ಎದ್ದು ಬರುತ್ತದೆ. ನಿಮ್ಮ ಮಾಡೂ ಹಾಗೆಯೇ ವರ್ಷದಲ್ಲಿ ಐದಾರು ತಿಂಗಳು ಕಂದು ಬಣ್ಣದಲ್ಲಿರುತ್ತದೆ ಎಂದು ಊರವರಿಗೆ ಮೊದಲೇ ಹೇಳಿ, ಒಂದು ಸಣ್ಣ ಫಲಕವನ್ನೂ ಹಾಕಿ.

ಕಟ್ಟಡಕ್ಕಾಗಿ ಪದವು ಸಮತಟ್ಟು ಮಾಡುತ್ತಿರುವ ಜಾಗ ಹತ್ತಿರದಲ್ಲಿದ್ದರೆ, ಜಾಗದವರ ಅನುಮತಿ ಪಡೆದು, ಮೇ ತಿಂಗಳ ಮೊದಲ ವಾರದಲ್ಲಿ ಅಲ್ಲಿನ ಮೇಲ್ಮಣ್ಣನ್ನು ಮೇಲಿನ ಎರಡಂಗುಲ ಮಾತ್ರ ಕೆರೆದು ಗೋಣಿಯಲ್ಲಿ ತುಂಬಿ ತನ್ನಿ. ಹಾಳಾಗದ ಪದವನ್ನು ಮುಟ್ಟಬೇಡಿ. ತಂದ ಮಣ್ಣನ್ನು ಹಂಚಿನ ಚೂರಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ತೆಂಗಿನ ಮಡಲು ಮುಚ್ಚಿ, ಮೊದಲ ಎರಡು ಮಳೆ ಬಿದ್ದ ಮೇಲೆ ಮಡಲನ್ನು ತೆಗೆಯಿರಿ. ಗೊಬ್ಬರ ಹಾಕಬೇಡಿ, ಹಾಕಿದರೆ ರಸ್ತೆ ಬದಿಯ ಕಳೆಯೇ ಗೆಲ್ಲುತ್ತದೆ. ಜೂನ್ ಕೊನೆಯ ಹೊತ್ತಿಗೆ ಮಾಡಿನ ಮೇಲೆ ಏನೇನು ಮೊಳೆತಿದೆ ಎಂದು ಫೋಟೋ ತೆಗೆದು ಕಳುಹಿಸಿ, ಗುರುತಿಸಲು ನಾನು ಸಹಾಯ ಮಾಡುತ್ತೇನೆ.